ಓದಿನ ತೊಡಕುಳ್ಳ ವಿದ್ಯಾರ್ಥಿಯೂ ವಿಶ್ವವಿದ್ಯಾನಿಲಯವೂ



ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಹೋಬಳಿಯು ಕಾವೇರಿಯ ಕಾಲುವೆಗಳ ನೀರಿನಿಂದ ಭತ್ತ ಕಬ್ಬುಗಳನ್ನು ಬೆಳೆಯುವ ಸೀಮೆ. ಇಲ್ಲಿಂದ ವಿಶ್ವವಿದ್ಯಾನಿಲಯವು ದೂರದ ಮಾತಲ್ಲ. ಶ್ರೀರಂಗಪಟ್ಟಣವನ್ನು ಮುಟ್ಟಿದವನಿಗೆ ಅಲ್ಲಿಂದ ಮೈಸೂರು ಸುಮಾರು ಹತ್ತು ಮೈಲಿ. 1916ನೆಯ ಇಸವಿ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಆ ವಿದ್ಯಾಪೀಠವು ಸ್ಥಾಪಿತವಾದಾಗ, ಹಳ್ಳಿಯ ಮಗನಿಗೆ ಅಲ್ಲಿಗೆ ಹೋಗಲು ಇದ್ದ ಮೊದಲನೆಯ ಅಡ್ಡಿಯು ಬುದ್ಧಿಯದಾಗಿರಲಿಲ್ಲ, ಅನ್ನದ್ದಾಗಿತ್ತು. ಪಟ್ಟಣದಲ್ಲಿ ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂಬುದಕ್ಕೆ ಉತ್ತರ ದೊರೆಯದೆ ಎಷ್ಟೋ ಮಂದಿಯ ಓದು ಊರಿನಲ್ಲಿಯೇ ನಿಂತಿತು. ಆ ಅಡ್ಡಿಯನ್ನು ಕಿತ್ತುಹಾಕಿದವರಲ್ಲಿ ಲಿಂಗಾಯತ ಮಠಗಳು ಮುಂದಾಳುಗಳು. ತುಮಕೂರಿನ ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ ನಡೆದುಬಂದ ಉಚಿತ ಪ್ರಸಾದನಿಲಯಗಳನ್ನೂ, ಮೈಸೂರಿನಲ್ಲಿ ವಿದ್ಯಾರ್ಥಿನಿಲಯವನ್ನು ತೆರೆದು 1954ರಲ್ಲಿ ಮಹಾವಿದ್ಯಾಪೀಠವನ್ನೇ ಕಟ್ಟಿದ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರನ್ನೂ ಅರಿಯದ ಭಕ್ತರು ಇಲ್ಲಿ ವಿರಳ. ಅನ್ನದ ಅಡ್ಡಿಯು ಬಹುಮಟ್ಟಿಗೆ ನೀಗಿತು. ಆದರೆ ಅನ್ನವೂ ಆಶ್ರಯವೂ ಪುಸ್ತಕವೂ ಎಲ್ಲವೂ ಇದ್ದು, ಮೈಯಲ್ಲಿ ಆರೋಗ್ಯವೂ ತಲೆಯಲ್ಲಿ ಬುದ್ಧಿಯೂ ಇದ್ದು, ವಿಶ್ವವಿದ್ಯಾನಿಲಯದ ಮೊದಲನೆಯ ವರ್ಷದಲ್ಲಿಯೇ ಸೋತು ಹಿಂದಿರುಗುವ ಮಕ್ಕಳು ಕೆಲವರುಂಟು. ಈ ಹೊತ್ತಿನ ಉಪನ್ಯಾಸವು ಅವರನ್ನು ಕುರಿತದ್ದು.

ಅಂಥ ಒಬ್ಬ ಹುಡುಗನನ್ನು ಊಹಿಸಿಕೊಳ್ಳಬಹುದು. ಆತನಿಗೆ ಹೆಸರಿಡಬೇಕಾದ ಅಗತ್ಯವಿಲ್ಲ. ಕೇಳಿದವರಿಗೆ ತಮ್ಮ ತಮ್ಮ ಊರಿನ ಒಂದು ಮುಖ ತಾನೇ ನೆನಪಿಗೆ ಬಂದೀತು. ಗದ್ದೆಗೆ ನೀರು ತಿರುಗಿಸುವ ಸರದಿಯ ಲೆಕ್ಕ ಆತನಿಗೆ ಬಾಯಲ್ಲಿಯೇ ಇದೆ. ಕೆಟ್ಟುನಿಂತ ಪಂಪನ್ನು ಬಿಚ್ಚಿ, ಕಳಚಿದ ಕ್ರಮದಲ್ಲಿಯೇ ಜೋಡಿಸಬಲ್ಲ. ಜಾತ್ರೆಯ ರಾತ್ರಿ ಕೇಳಿದ ಪುರಾಣದ ಕಥೆಯನ್ನು ಮರುದಿನ ಮನೆಯವರ ಮುಂದೆ ಒಂದು ಸಂಗತಿಯೂ ತಪ್ಪದಂತೆ ಹೇಳಬಲ್ಲ. ಪುಸ್ತಕವನ್ನು ತೆರೆದರೆ ಮಾತ್ರ ಸಾಲು ಜಾರುತ್ತದೆ, ಅಕ್ಷರ ಬದಲಾಗುತ್ತದೆ, ಒಂದು ಪುಟವನ್ನು ಮುಗಿಸುವಷ್ಟರಲ್ಲಿ ಮೊದಲನೆಯ ವಾಕ್ಯ ಮರೆತಿರುತ್ತದೆ. ಊರಿನ ಶಾಲೆಯಲ್ಲಿ ಇದು ಹೇಗೋ ಮುಚ್ಚಿಹೋಯಿತು. ತಾಯಿ ಪಾಠವನ್ನು ಓದಿಹೇಳಿದಳು, ಈತ ಕೇಳಿ ಕಂಠಸ್ಥ ಮಾಡಿಕೊಂಡನು. ಮೇಷ್ಟರು ಹುಡುಗನ ಗುಣವನ್ನು ಬಲ್ಲವರಾದುದರಿಂದ ಬಾಯಿಂದ ಕೇಳಿ ತೃಪ್ತರಾದರು. ಹೀಗೆ ಹತ್ತನೆಯ ತರಗತಿ ದಾಟಿತು, ಪಿ.ಯು.ಸಿ.ಯೂ ದಾಟಿತು, ಮಧ್ಯಮ ಅಂಕಗಳೊಡನೆ ಕಾಲೇಜಿನ ಪ್ರವೇಶವೂ ಆಯಿತು. ಅಲ್ಲಿ ಒಂದು ಕೊಠಡಿಯಲ್ಲಿ ನೂರು ಮಂದಿ. ಅಧ್ಯಾಪಕರಿಗೆ ಈತನ ಹೆಸರು ಗೊತ್ತಿಲ್ಲ. ಪರದೆಯ ಮೇಲೆ ಮೂಡಿದ ಟಿಪ್ಪಣಿಯು ಈತ ಎರಡು ಸಾಲು ನಕಲು ಮಾಡುವಷ್ಟರಲ್ಲಿ ಮಾಯವಾಗುತ್ತದೆ. ಶಾಸ್ತ್ರದ ಮಾತುಗಳೆಲ್ಲ ಇಂಗ್ಲೀಷಿನವು. ವೇಳಾಪಟ್ಟಿಯನ್ನು ತಪ್ಪಾಗಿ ಓದಿ ಬೇರೆ ಕೊಠಡಿಯಲ್ಲಿ ಹೋಗಿ ಕುಳಿತು ನಗೆಗೀಡಾಗುತ್ತಾನೆ. ಕೆಲವು ವಾರಕ್ಕೊಮ್ಮೆ ಆಂತರಿಕ ಪರೀಕ್ಷೆ. ಆರು ತಿಂಗಳಿಗೆ ಸೆಮಿಸ್ಟರಿನ ಪರೀಕ್ಷೆ. ಮೂರು ಗಂಟೆಗಳಲ್ಲಿ ಪ್ರಶ್ನೆಯನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೇ ಒಂದು ಗಂಟೆ ಕಳೆಯುತ್ತದೆ. ಮನೆಗೆ ಬಂದು ಏನು ಹೇಳಿಯಾನು? ಅಕ್ಷರ ಕಾಣುತ್ತಿಲ್ಲವೆಂದರೆ ಕಣ್ಣು ಚೆನ್ನಾಗಿಯೇ ಇದೆ. ತಿಳಿಯುತ್ತಿಲ್ಲವೆಂದರೆ ಅದು ಸುಳ್ಳು, ಕೇಳಿದ್ದೆಲ್ಲ ತಿಳಿದಿದೆ. ಕೊನೆಗೆ ‘ಓದಲು ಮನಸ್ಸಿಲ್ಲ’ ಎಂಬ ಒಂದು ಮಾತನ್ನು ಹೇಳಿ ಬಿಡುತ್ತಾನೆ. ಊರು ಆ ಮಾತನ್ನೇ ನಂಬುತ್ತದೆ. ಸೋಮಾರಿಯೆಂಬ ಹೆಸರನ್ನು ಹೊತ್ತುಕೊಂಡಾದರೂ ದಡ್ಡನೆಂಬ ಹೆಸರಿನಿಂದ ತಪ್ಪಿಸಿಕೊಂಡೆನೆಂದು ಹುಡುಗನು ಒಳಗೊಳಗೇ ಸಮಾಧಾನ ತಂದುಕೊಳ್ಳುವುದೂ ಉಂಟು. ಇದಕ್ಕಿಂತ ದುಃಖದ ಸಂಗತಿ ವಿದ್ಯಾಭ್ಯಾಸದಲ್ಲಿ ಬೇರೊಂದಿಲ್ಲ.

ಈ ತೊಡಕು ಇತ್ತೀಚೆಗೆ ಹುಟ್ಟಿದ ಕಾಯಿಲೆಯಲ್ಲ, ಶ್ರೀಮಂತರ ಮಕ್ಕಳಿಗಾಗಿ ಪಟ್ಟಣದ ವೈದ್ಯರು ಕಟ್ಟಿದ ಮಾತೂ ಅಲ್ಲ. ಜರ್ಮನಿಯ ನೇತ್ರವೈದ್ಯರಾದ ರೂಡಾಲ್ಫ್ ಬರ್ಲಿನ್ ಎಂಬವರು 1887ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಸ್ಥಿತಿಯನ್ನು ‘ಡಿಸ್ಲೆಕ್ಸಿಯ’ ಎಂಬ ಹೆಸರಿನಿಂದ ವರ್ಣಿಸಿದರು. 1896ರ ನವೆಂಬರಿನಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಹದಿನಾಲ್ಕು ವಯಸ್ಸಿನ ಒಬ್ಬ ಬಾಲಕನ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಬರೆದರು. ಆ ಬಾಲಕನು ಚುರುಕಾದವನು, ಆಟದಲ್ಲಿ ಯಾರಿಗೂ ಹಿಂದಲ್ಲ, ಲೆಕ್ಕವನ್ನು ಸುಲಭವಾಗಿ ಮಾಡಬಲ್ಲವನು. ಆದರೂ ತನ್ನ ಹೆಸರನ್ನೇ ಅಕ್ಷರಗಳನ್ನು ಹಿಂದುಮುಂದಾಗಿಸಿ ಬರೆಯುತ್ತಿದ್ದನು. ಪಾಠವೆಲ್ಲವೂ ಬಾಯಿಮಾತಿನಲ್ಲಿಯೇ ನಡೆಯುವುದಾಗಿದ್ದರೆ ಶಾಲೆಯಲ್ಲಿ ಇವನೇ ಮೊದಲಿಗನಾಗುತ್ತಿದ್ದನೆಂದು ಅವನ ಉಪಾಧ್ಯಾಯರು ಅಭಿಪ್ರಾಯಪಟ್ಟಿದ್ದರಂತೆ. ಅರಕೆರೆಯ ಕಡೆಯ ಹುಡುಗನಿಗೂ ಆ ಆಂಗ್ಲ ಬಾಲಕನಿಗೂ ನಡುವೆ ನೂರು ವರ್ಷಗಳಿಗೆ ಮಿಕ್ಕಿದ ಕಾಲವೂ ಸಮುದ್ರವೂ ಇವೆ; ತೊಡಕು ಒಂದೇ ಜಾತಿಯದು. ಓದಿನಲ್ಲಿ ತೋರುವುದು ಡಿಸ್ಲೆಕ್ಸಿಯ, ಬರಹದಲ್ಲಿ ತೋರುವುದು ಡಿಸ್‌ಗ್ರಾಫಿಯ, ಲೆಕ್ಕದಲ್ಲಿ ತೋರುವುದು ಡಿಸ್‌ಕ್ಯಾಲ್ಕುಲಿಯ. ಒಬ್ಬನಲ್ಲಿ ಒಂದೇ ಇರಬಹುದು, ಎರಡು ಕೂಡಿರಲೂಬಹುದು. ಇವು ಮೆದುಳು ಅಕ್ಷರವನ್ನೂ ಧ್ವನಿಯನ್ನೂ ಸಂಖ್ಯೆಯನ್ನೂ ಹೊಂದಿಸಿಕೊಳ್ಳುವ ರೀತಿಗೆ ಸಂಬಂಧಿಸಿದವು. ಬುದ್ಧಿಯ ಅಳತೆಗೂ ಇವಕ್ಕೂ ಸಂಬಂಧವಿಲ್ಲ. ವಯಸ್ಸಾದಂತೆ ಮಾಯವಾಗುವ ಸಂಗತಿಗಳೂ ಇವಲ್ಲ. ಆದುದರಿಂದಲೇ ಹದಿನೆಂಟು ವರ್ಷದ ವಿದ್ಯಾರ್ಥಿಯ ವಿಷಯದಲ್ಲಿಯೂ ಇವುಗಳ ಮಾತು ಬರುತ್ತದೆ.

ಇಂಗ್ಲೀಷಿನಲ್ಲಿ ಬರೆಯುವುದೊಂದು ಓದುವುದೊಂದು, ಆದಕಾರಣ ಅವರ ಮಕ್ಕಳಿಗೆ ಈ ಕಷ್ಟ; ಬರೆದಂತೆಯೇ ಓದುವ ಕನ್ನಡದಲ್ಲಿ ಇದೆಲ್ಲಿಂದ ಬರಬೇಕು ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರವು ಮೈಸೂರಿನಲ್ಲಿಯೇ ದೊರೆತಿದೆ. ಅಲ್ಲಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ವಿದುಷಿ ಎಸ್. ರಮಾ ಅವರು ವೇಲ್ಸಿನ ಮೈಲ್ಸ್ ಎಂಬ ಪಂಡಿತರೊಡನೆಯೂ ಎಂ. ಎಸ್. ಲಲಿತಮ್ಮನವರೊಡನೆಯೂ ಕೂಡಿ 1993ರಲ್ಲಿ ಪ್ರಕಟಿಸಿದ ಪ್ರಬಂಧವು ಕನ್ನಡವನ್ನು ಓದುವ ಮಕ್ಕಳಲ್ಲಿಯೂ ಈ ತೊಡಕು ಇರುವುದನ್ನು ತೋರಿಸಿತು. ಕನ್ನಡದ ಲಿಪಿಯು ನಿಯಮಬದ್ಧವಾದುದು ನಿಜ, ಸರಳವಾದುದಲ್ಲ. ವರ್ಣಮಾಲೆಯ ಐವತ್ತರಷ್ಟು ಅಕ್ಷರಗಳನ್ನು ಕಲಿತ ಮಾತ್ರಕ್ಕೆ ಮುಗಿಯಲಿಲ್ಲ; ಕಾಗುಣಿತವೂ ಒತ್ತಕ್ಷರಗಳೂ ಸೇರಿ ಕಣ್ಣಿಗೆ ಬೀಳುವ ರೂಪಗಳು ನೂರಾರು. ಪಕಾರಕ್ಕೂ ಷಕಾರಕ್ಕೂ, ವಕಾರಕ್ಕೂ ಮಕಾರಕ್ಕೂ, ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಒಂದು ಗೆರೆಯದು, ಒಂದು ಸೀಳಿನದು. ‘ಧರ್ಮ’ವೆಂಬ ಮಾತಿನಲ್ಲಿ ರೇಫವು ಕಿವಿಗೆ ಮಕಾರಕ್ಕಿಂತ ಮೊದಲು ಕೇಳಿಸುತ್ತದೆ, ಬರಹದಲ್ಲಾದರೋ ಅರ್ಕಾವೊತ್ತು ಮಕಾರವಾದ ಮೇಲೆ ಕುಳಿತಿರುತ್ತದೆ. ‘ಭಕ್ತಿ’ಯೆಂಬಲ್ಲಿ ಇಕಾರವು ಸೇರುವುದು ತಕಾರಕ್ಕೆ, ಆದರೆ ಗುಡಿಸು ಏರಿರುವುದು ಕಕಾರದ ಮೇಲೆ, ತಕಾರವು ಒತ್ತಾಗಿ ಕೆಳಗಿಳಿದಿದೆ. ಅಭ್ಯಾಸವಾದವರಿಗೆ ಇದು ಎಂದೂ ತೋಚುವುದಿಲ್ಲ. ತೊಡಕುಳ್ಳ ಮಗುವಿಗೆ ಇಂಥ ಒಂದೊಂದು ಜಾಗವೂ ಒಂದೊಂದು ಎಡವುಗಲ್ಲು. ಸಾಧಾರಣ ಮಕ್ಕಳಿಗೂ ಈ ಅಕ್ಷರರಾಶಿಯು ಪೂರ್ಣವಾಗಿ ಕೈವಶವಾಗಲು ನಾಲ್ಕನೆಯ ತರಗತಿಯನ್ನು ದಾಟಬೇಕಾಗುವುದೆಂದು ಸೊನಾಲಿ ನಾಗ್ ಎಂಬವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿಯುತ್ತದೆ. ಹೀಗಿರುವಾಗ ಈ ಮಕ್ಕಳು ಎಷ್ಟು ಹಿಂದುಳಿದಾರೆಂಬುದನ್ನು ಊಹಿಸುವುದು ಕಷ್ಟವಲ್ಲ. ಕನ್ನಡವನ್ನು ತಪ್ಪಿಲ್ಲದೆ, ಆದರೆ ಬಹು ನಿಧಾನವಾಗಿ ಓದುವುದನ್ನು ಹೇಗೋ ಸಾಧಿಸಿಕೊಂಡವನು, ಕಾಲೇಜಿನಲ್ಲಿ ನಿಯಮವಿಲ್ಲದ ಇಂಗ್ಲೀಷ್ ಕಾಗುಣಿತವು ಎದುರಾದೊಡನೆ ಕಂಗೆಡುತ್ತಾನೆ.

ಪ್ರಸಂಗವಶಾತ್ ಒಂದು ಸ್ವಾರಸ್ಯವನ್ನು ಹೇಳಬೇಕು. ಇಂಥ ಮಕ್ಕಳಿಗೆ ಅಕ್ಷರ ಕಲಿಸಲು ಪಾಶ್ಚಾತ್ಯ ದೇಶಗಳ ತಜ್ಞರು ರೂಪಿಸಿದ ಪ್ರಸಿದ್ಧ ವಿಧಾನವೊಂದರಲ್ಲಿ ಮಗುವು ಬೆರಳಿನಿಂದ ಮರಳಿನ ಮೇಲೆ ಅಕ್ಷರವನ್ನು ತಿದ್ದುತ್ತ ಅದರ ಧ್ವನಿಯನ್ನು ಗಟ್ಟಿಯಾಗಿ ಹೇಳುತ್ತದೆ. ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಒಟ್ಟಿಗೆ ಕಲಿಯುತ್ತವೆ. ಹಿಂದಿನ ಕೂಲಿಮಠದ ಅಯ್ಯನವರು ಮಾಡಿಸುತ್ತಿದ್ದುದು ಇದನ್ನೇ ಅಲ್ಲವೆ! ಮರಳಿನ ಮೇಲೆ ಬರೆಯುವ ಈ ಪದ್ಧತಿಯನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥಾಲಯದ ಅಧಿಕಾರಿಯಾಗಿದ್ದ ಆಂಡ್ರೂ ಬೆಲ್ ಎಂಬವರು ದೇಶೀಯರ ಶಾಲೆಯೊಂದರಲ್ಲಿ ಕಂಡು ಮೆಚ್ಚಿ, ತಮ್ಮ ಶಾಲೆಯಲ್ಲಿ ಆಚರಣೆಗೆ ತಂದು, 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕವನ್ನೇ ಬರೆದರು. ಕೂಲಿಮಠದಲ್ಲಿ ಬೆತ್ತವೂ ಇತ್ತು, ಕೋದಂಡವೂ ಇತ್ತು. ಅವುಗಳನ್ನು ಮರಳಿ ಬಯಸುವವರು ಯಾರೂ ಇಲ್ಲ. ಮರಳಿನ ಮಣೆಯನ್ನು ಮಾತ್ರ ಬೆತ್ತದೊಡನೆ ಎಸೆದುಬಿಟ್ಟದ್ದು ಅವಸರದ ಕೆಲಸವಾಯಿತು.

ಪರೀಕ್ಷೆಯಲ್ಲಿ ಸೋತವರೆಲ್ಲರೂ ಈ ತೊಡಕುಳ್ಳವರೆಂದು ಭಾವಿಸತಕ್ಕದ್ದಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲೀಷಿನ ಪಾಠಕ್ಕೆ ಹೋದ ಹುಡುಗನು ತಡವರಿಸುವುದು ಸಹಜ. ಅವನಿಗೆ ಬೇಕಾದದ್ದು ಇಂಗ್ಲೀಷಿನ ಪಾಠ, ವೈದ್ಯರ ಪತ್ರವಲ್ಲ. ಕಣ್ಣಿನ ದೋಷ, ಕಿವಿಯ ಮಾಂದ್ಯ, ಮನೆಯ ಸಾಲದ ಚಿಂತೆ, ಗೆಳೆಯರ ಸಹವಾಸ, ನಿಜವಾದ ಸೋಮಾರಿತನ, ಇವೂ ಇರುವ ಲೋಕವಿದು. ವ್ಯತ್ಯಾಸವನ್ನು ಅರಿಯಲು ಒಂದು ಗುರುತುಂಟು. ಸಾಮಾನ್ಯ ದುರ್ಬಲನಿಗೆ ಪಾಠವನ್ನು ಓದಿಹೇಳಿದರೂ ತಿಳಿಯದು, ಓದಿಕೊಂಡರೂ ತಿಳಿಯದು. ಈ ತೊಡಕುಳ್ಳವನಿಗೆ ಓದಿಹೇಳಿದರೆ ತಿಳಿಯುತ್ತದೆ; ತಾನೇ ಓದಿಕೊಂಡರೆ ತಿಳಿಯದು. ಬಾಯಲ್ಲಿ ಹೇಳುವ ಉತ್ತರಕ್ಕೂ ಹಾಳೆಯ ಮೇಲೆ ಇಳಿಯುವ ಉತ್ತರಕ್ಕೂ ಅಜಗಜಾಂತರ. ಮೇಲಾಗಿ ತಾಯಿಯನ್ನು ಕೇಳಿದರೆ, ಒಂದನೆಯ ತರಗತಿಯಿಂದಲೂ ಹೀಗೆಯೇ ಎನ್ನುತ್ತಾಳೆ. ಹದಿನೆಂಟರಲ್ಲಿ ಇದ್ದಕ್ಕಿದ್ದಂತೆ ತೋರಿದ್ದು ಬೇರೇನೋ ಇರಬೇಕು. ಹಾಗೆಂದು ಮನೆಯವರಾಗಲಿ ವಿದ್ಯಾರ್ಥಿನಿಲಯದವರಾಗಲಿ ತಾವೇ ತೀರ್ಪು ಕೊಡಬಾರದು. ಈ ಗುರುತು ಪರೀಕ್ಷಕರ ಬಾಗಿಲವರೆಗೆ ಕರೆದೊಯ್ಯುವುದಕ್ಕೆ ಮಾತ್ರ ಸಾಕು.

ಪರೀಕ್ಷಕರ ಬಾಗಿಲು ಈ ಸೀಮೆಯವರಿಗೆ ಹತ್ತಿರದಲ್ಲಿಯೇ ಇರುವುದು ಒಂದು ಭಾಗ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಮಾತು ಬಾರದವರ, ಕಿವಿ ಕೇಳದವರ ಆಸ್ಪತ್ರೆಯೆಂದಷ್ಟೇ ಅನೇಕರು ಬಲ್ಲರು. ಕಲಿಕೆಯ ತೊಡಕನ್ನು ಪರೀಕ್ಷಿಸುವ ಮನಶ್ಶಾಸ್ತ್ರಜ್ಞರೂ ಭಾಷಾತಜ್ಞರೂ ಅಲ್ಲಿದ್ದಾರೆ. ವಿಶ್ವವಿದ್ಯಾನಿಲಯದ ತರಗತಿಗಳು ನಡೆಯುವ ಆವರಣಕ್ಕೂ ಅದಕ್ಕೂ ಕಾಲ್ನಡಿಗೆಯ ದೂರ. ಮೂರು ವರ್ಷ ಅದರ ಸಮೀಪದಲ್ಲಿಯೇ ಓಡಾಡಿ, ಒಳಗೆ ತನಗೆ ಸಂಬಂಧಿಸಿದ್ದೇನೋ ಇದೆಯೆಂದು ತಿಳಿಯದೆ ಓದನ್ನು ಬಿಟ್ಟುಹೋಗುವ ವಿದ್ಯಾರ್ಥಿಯ ಚಿತ್ರವನ್ನು ಊಹಿಸಿದರೆ ಮನಸ್ಸು ಕಲಕುತ್ತದೆ. ಪರೀಕ್ಷೆಯನ್ನು ಮಾಡಿಸಿಕೊಳ್ಳುವುದು ಒಂದು, ಕಾನೂನಿನ ಸೌಲಭ್ಯಕ್ಕೆ ಬೇಕಾದ ಪ್ರಮಾಣಪತ್ರವನ್ನು ಪಡೆಯುವುದು ಇನ್ನೊಂದು. ಆ ಪತ್ರವನ್ನು ಸರ್ಕಾರವು ಗೊತ್ತುಪಡಿಸಿದ ವೈದ್ಯಾಧಿಕಾರಿಗಳೇ ಕೊಡತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಸಿದ್ಧಪಡಿಸಿದ ಪರೀಕ್ಷಾಗುಚ್ಛವನ್ನು ಇದಕ್ಕಾಗಿ ಬಳಸಬೇಕೆಂದು ಕೇಂದ್ರ ಸರ್ಕಾರವು 2018ರ ಜನವರಿಯಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಬಾಲ್ಯದಲ್ಲಿ ಪತ್ರವನ್ನು ಪಡೆದವರು 14ನೆಯ ವಯಸ್ಸಿನಲ್ಲೊಮ್ಮೆ, 18ನೆಯ ವಯಸ್ಸಿನಲ್ಲೊಮ್ಮೆ ಮರುಪರೀಕ್ಷೆಗೆ ಒಳಗಾಗಬೇಕೆಂದು ಅದರಲ್ಲಿ ವಿಧಿಸಲಾಗಿತ್ತು. ಹಳೆಯ ಪತ್ರವೊಂದಿದೆಯೆಂದು ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತರಾಗಿ, ಕಾಲೇಜಿನಲ್ಲಿ ಅದು ನಡೆಯದೆಂಬುದು ಪರೀಕ್ಷೆಯ ವಾರದಲ್ಲಿ ತಿಳಿದು ಪೇಚಿಗೆ ಸಿಲುಕಬಾರದೆಂಬುದಕ್ಕಾಗಿ ಈ ವಿವರ.

ಕಾನೂನಿನ ವಿಷಯವನ್ನು ಸ್ವಲ್ಪ ಹೇಳಬೇಕು. 1995ರ ಅಧಿನಿಯಮದಲ್ಲಿ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೇಳಿತ್ತು. ಕಲಿಕೆಯ ತೊಡಕು ಆ ಪಟ್ಟಿಯಲ್ಲಿರಲಿಲ್ಲ. 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮವು ಪಟ್ಟಿಯನ್ನು 21ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅದರಲ್ಲಿ ಸೇರಿಸಿತು. ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ಪ್ರಮಾಣದ ವೈಕಲ್ಯವುಳ್ಳವರಿಗೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 5ರಷ್ಟು ಸ್ಥಾನಗಳು ಮೀಸಲು. ಪ್ರವೇಶದ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ. ಪರೀಕ್ಷೆಯಲ್ಲಿ ಹೆಚ್ಚಿನ ಕಾಲ, ಬರೆದುಕೊಡುವ ಲಿಪಿಕಾರನ ನೆರವು, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ, ಇವಕ್ಕೂ ಆ ಅಧಿನಿಯಮದಲ್ಲಿ ಅವಕಾಶವಿದೆ. ಗಂಟೆಯೊಂದಕ್ಕೆ 20 ನಿಮಿಷಗಳಿಗೆ ಕಡಿಮೆಯಿಲ್ಲದ ಹೆಚ್ಚಿನ ಕಾಲವೆಂದು 2018ರ ಮಾರ್ಗಸೂಚಿಯಲ್ಲಿ ಗೊತ್ತುಮಾಡಲಾಯಿತು; ಎಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ.

ಕಾನೂನು ಪುಸ್ತಕದಲ್ಲಿರುವುದು ಬೇರೆ, ಪರೀಕ್ಷಾಮಂದಿರದಲ್ಲಿ ದೊರೆಯುವುದು ಬೇರೆ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಎರಡು ಪ್ರಕರಣಗಳು ಇದನ್ನು ತೋರಿಸುತ್ತವೆ. ಕೈ ಸೆಟೆದುಕೊಂಡು ಬರೆಯಲಾಗದ ವ್ಯಾಧಿಯುಳ್ಳ ಅಭ್ಯರ್ಥಿಯೊಬ್ಬರು ಲಿಪಿಕಾರನನ್ನು ಬೇಡಿದಾಗ ನಿಯಮದ ಅಳತೆಗೆ ಬರುವುದಿಲ್ಲವೆಂದು ಅವರಿಗೆ ನಿರಾಕರಿಸಲಾಗಿತ್ತು. ನೂರಕ್ಕೆ 40ರ ಅಳತೆಯು ಮೀಸಲಾತಿಗೆ ಬೇಕಾದದ್ದು, ಬರೆಯಲಾಗದವನಿಗೆ ಬರೆಯುವ ನೆರವನ್ನು ಕೊಡಲು ಅದೇ ಅಳತೆಯನ್ನು ಹಿಡಿಯಕೂಡದು ಎಂದು ಫೆಬ್ರವರಿ 11ರಂದು ನ್ಯಾಯಾಲಯವು ತೀರ್ಪಿತ್ತಿತು; ಅದನ್ನನುಸರಿಸಿ 2022ರ ಆಗಸ್ಟಿನಲ್ಲಿ ಹೊಸ ಮಾರ್ಗಸೂಚಿಯೂ ಬಂದಿತು. ಇನ್ನೊಂದು ಪ್ರಕರಣದಲ್ಲಿ ಡಿಸ್‌ಗ್ರಾಫಿಯವುಳ್ಳ ವಿದ್ಯಾರ್ಥಿನಿಯೊಬ್ಬಳಿಗೆ ವೈದ್ಯಕೀಯ ಪ್ರವೇಶಪರೀಕ್ಷೆಯಲ್ಲಿ ಸಲ್ಲಬೇಕಾಗಿದ್ದ ಒಂದು ಗಂಟೆಯ ಹೆಚ್ಚಿನ ಕಾಲವನ್ನು ಕೊಡದೆ ಉತ್ತರಪತ್ರಿಕೆಯನ್ನು ಕಿತ್ತುಕೊಳ್ಳಲಾಗಿತ್ತು. ಆಕೆಗೆ ಅನ್ಯಾಯವಾಗಿದೆಯೆಂದು ನವೆಂಬರ್ 23ರ ತೀರ್ಪು ಸ್ಪಷ್ಟವಾಗಿ ಹೇಳಿತು. ಆದರೂ ಮರುಪರೀಕ್ಷೆಯನ್ನು ವಿಧಿಸಲಿಲ್ಲ, ಬೇರೆ ಪರಿಹಾರವನ್ನು ಯೋಚಿಸುವಂತೆ ಪರೀಕ್ಷೆ ನಡೆಸಿದವರಿಗೆ ಆಜ್ಞಾಪಿಸಿತು. ಹಕ್ಕು ಸ್ಥಾಪಿತವಾಯಿತು, ಕಳೆದ ಗಂಟೆ ಮಾತ್ರ ಮರಳಿ ಬರಲಿಲ್ಲ. ಆದಕಾರಣ ಬೇಡಬೇಕಾದುದನ್ನು ಪರೀಕ್ಷೆಗೆ ಬಹು ಮುಂಚೆ, ಲಿಖಿತರೂಪದಲ್ಲಿ ಬೇಡಿ, ಒಪ್ಪಿಗೆಯ ಕಾಗದವನ್ನು ಕೈಯಲ್ಲಿ ಹಿಡಿದು ಪರೀಕ್ಷಾಮಂದಿರವನ್ನು ಪ್ರವೇಶಿಸುವುದೇ ಲೇಸು. ಪ್ರವೇಶವಾದ ಮೊದಲನೆಯ ತಿಂಗಳಲ್ಲಿಯೇ ಪ್ರಾಂಶುಪಾಲರಿಗೆ ಅರ್ಜಿ ಸಲ್ಲಬೇಕು.

ಇನ್ನು ದಿನನಿತ್ಯದ ಬಾಳು. ಪರೀಕ್ಷೆಯು ವರ್ಷದಲ್ಲಿ ಕೆಲವು ದಿನಗಳದು. ಉಳಿದ ದಿನಗಳನ್ನು ಕಳೆಯುವುದೇ ದೊಡ್ಡ ಕೆಲಸ. ಹೊಸದಾಗಿ ಬಂದ ವಿದ್ಯಾರ್ಥಿಯನ್ನು ತರಗತಿಗಳು ಆರಂಭವಾಗುವುದಕ್ಕೆ ಮುಂಚೆ ಹಿರಿಯ ವಿದ್ಯಾರ್ಥಿಯೊಬ್ಬನು ಕೊಠಡಿ ಕೊಠಡಿಗೂ ನಡೆಸಿಕೊಂಡು ಹೋಗಿ ತೋರಿಸಿದರೆ, ಫಲಕವನ್ನು ಓದುವ ಸಂಕಟವೇ ತಪ್ಪುತ್ತದೆ. ಕಾಲು ಕಲಿತ ದಾರಿಯನ್ನು ಕಣ್ಣು ಮರೆಸಲಾರದು. ಅಧ್ಯಾಪಕರು ಟಿಪ್ಪಣಿಯನ್ನು ಮುಂಚಿತವಾಗಿ ಕೊಟ್ಟರೆ ನಕಲಿನ ಹೊರೆಯಿಳಿದು ಕಿವಿ ಬಿಡುವಾಗುತ್ತದೆ. ಈತನ ಬಲವಿರುವುದು ಕಿವಿಯಲ್ಲಿಯೇ. ಅನುಮತಿ ಪಡೆದು ಪಾಠವನ್ನು ಧ್ವನಿಮುದ್ರಿಸಿಕೊಳ್ಳಬಹುದು. ಯುವಕರ ಕಾಲಹರಣಕ್ಕೆ ಕಾರಣವೆಂದು ಹಿರಿಯರು ಬಯ್ಯುವ ಮೊಬೈಲ್ ಫೋನೇ ಇವರ ಪಾಲಿಗೆ ಉಪಕಾರಿಯಾಗಿರುವುದು ವಿನೋದ. ಅಚ್ಚಾದ ಪುಟವನ್ನು, ಕನ್ನಡದ್ದನ್ನೂ ಸಹ, ಗಟ್ಟಿಯಾಗಿ ಓದಿಹೇಳುವ ಉಪಕರಣಗಳು ಅದರಲ್ಲಿವೆ. ಇಂಥ ವಿದ್ಯಾರ್ಥಿಯು ಕಿವಿಗೆ ತಂತಿಯನ್ನು ಸಿಕ್ಕಿಸಿಕೊಂಡು ಪುಸ್ತಕದ ಮುಂದೆ ಕುಳಿತಿದ್ದರೆ ಹಾಡು ಕೇಳುತ್ತಿದ್ದಾನೆಂದು ಗದರಿಸುವ ಮುಂಚೆ ಒಮ್ಮೆ ವಿಚಾರಿಸುವುದು ಒಳ್ಳೆಯದು.

ಮಠದ ವಿದ್ಯಾರ್ಥಿನಿಲಯಗಳಿಗೆ ವಿಶೇಷವಾಗಿ ಸಂಬಂಧಿಸಿದ ಎರಡು ಸಂಗತಿಗಳುಂಟು. ಮೊದಲನೆಯದು ಸಾಮೂಹಿಕ ಪ್ರಾರ್ಥನೆ. ಅನೇಕ ನಿಲಯಗಳಲ್ಲಿ ಸಾಯಂಕಾಲ ಸರದಿಯ ಮೇಲೆ ಒಬ್ಬೊಬ್ಬ ವಿದ್ಯಾರ್ಥಿ ಎದ್ದುನಿಂತು ವಚನವನ್ನು ಓದುವ ಪದ್ಧತಿಯಿದೆ. ಪದ್ಧತಿ ಉತ್ತಮವಾದುದು. ಆದರೆ ಓದಿನ ತೊಡಕುಳ್ಳವನಿಗೆ ತನ್ನ ಸರದಿ ಸಮೀಪಿಸಿದಂತೆ ನಿದ್ದೆ ಹಾರಿಹೋಗುತ್ತದೆ. ಇನ್ನೂರು ಮಂದಿಯ ಮುಂದೆ ತಡವರಿಸಿ ನಿಂತ ಆ ಎರಡು ನಿಮಿಷ ಮೂರು ವರ್ಷದ ಅಡ್ಡಹೆಸರಾಗಬಹುದು. ಆ ದಿನ ಜ್ವರವೆಂದು ಮಲಗುತ್ತಾನೆ. ಮುಂದಿನ ಬಾರಿ ಊರಿಗೆ ಹೋಗುತ್ತಾನೆ. ಬಳಿಕ ನಿಲಯವನ್ನೇ ಬಿಡುತ್ತಾನೆ. ಕಾರಣವು ಯಾರಿಗೂ ತಿಳಿಯದು. ಹಾಗೆಂದು ಆತನನ್ನು ಸರದಿಯಿಂದ ಕೈಬಿಟ್ಟರೆ ಅದೂ ಅವಮಾನವೇ. ವಚನವನ್ನು ಎರಡು ದಿನ ಮೊದಲೇ ತಿಳಿಸಿ, ಕಂಠಪಾಠವಾಗಿ ಹೇಳಲು ಅಥವಾ ಹಾಡಲು ಬಿಟ್ಟರೆ, ಇನ್ನೂರು ಮಂದಿಯಲ್ಲಿ ಆತನದೇ ಉತ್ತಮವಾಗಲೂಬಹುದು. ವಚನಗಳು ಶತಮಾನಗಳ ಕಾಲ ಜನರ ಕಿವಿಯಿಂದ ಕಿವಿಗೂ ಸಾಗಿಬಂದವುಗಳು. ಹಾಳೆಯನ್ನು ನೋಡದೆ ಹೇಳಿದರೆ ಅವಕ್ಕೆ ಕುಂದಿಲ್ಲ.

ಎರಡನೆಯದು ಲಿಪಿಕಾರನ ವಿಷಯ. ಅಭ್ಯರ್ಥಿಯು ತಾನೇ ಲಿಪಿಕಾರನನ್ನು ಕರೆತರುವುದಾದರೆ ಆತನ ವಿದ್ಯಾರ್ಹತೆಯು ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದು 2018ರ ಮಾರ್ಗಸೂಚಿ ಹೇಳಿತ್ತು. ಒಂಟಿಯಾಗಿ ಬಾಡಿಗೆಯ ಕೊಠಡಿಯಲ್ಲಿರುವ ಹಳ್ಳಿಯ ವಿದ್ಯಾರ್ಥಿಗೆ ಪರೀಕ್ಷೆಯ ಕಾಲದಲ್ಲಿ ಅಂಥವನನ್ನು ಹುಡುಕುವುದು ದುಸ್ಸಾಧ್ಯ. ಹೈಸ್ಕೂಲು, ಪಿ.ಯು.ಸಿ., ಪದವಿ ಎಲ್ಲವನ್ನೂ ಓದುವ ಮಕ್ಕಳು ಒಂದೇ ಸೂರಿನಡಿ ಉಣ್ಣುವ ಮಠದಲ್ಲಿಯಾದರೋ ಇದು ಅತ್ಯಂತ ಸುಲಭ. ಅನ್ನದಾಸೋಹವು ನಡೆಯುವ ಜಾಗದಲ್ಲಿ ಕಿರಿಯನೊಬ್ಬನು ಹಿರಿಯನಿಗಾಗಿ ಮೂರು ಗಂಟೆ ಲೇಖನಿ ಹಿಡಿಯುವುದೂ ಒಂದು ದಾಸೋಹವೇ ಆದೀತು. ಆದರೆ ಇದಕ್ಕೆ ಅಭ್ಯಾಸ ಬೇಕು. ಬರೆಯಲು ಬಾರದವನಿಗೆ ಬರೆಯಿಸಲು ಬರುತ್ತದೆಂದು ತಿಳಿಯುವುದು ತಪ್ಪು. ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ತಡೆದು ತಡೆದು ಹೇಳಿ, ಎಲ್ಲಿಗೆ ನಿಲ್ಲಿಸಿದೆನೆಂಬುದನ್ನು ನೆನಪಿಟ್ಟುಕೊಳ್ಳುವುದು ಒಂದು ವಿದ್ಯೆ. ತಿಂಗಳುಗಟ್ಟಲೆ ಹಳೆಯ ಪ್ರಶ್ನಪತ್ರಿಕೆಗಳ ಮೇಲೆ ಇಬ್ಬರೂ ಕೂಡಿ ಪಳಗಬೇಕು. ಲಿಪಿಕಾರನು ಹೇಳಿದ್ದನ್ನು ಹೇಳಿದಂತೆ ಬರೆಯಬೇಕೇ ಹೊರತು, ತನ್ನ ಜಾಣತನದಿಂದ ಒಂದು ಶಬ್ದವನ್ನೂ ಸೇರಿಸಕೂಡದು; ಸೇರಿಸಿದರೆ ಅದು ಉಪಕಾರವಲ್ಲ, ಅಪ್ರಾಮಾಣಿಕತೆ.

ಹೆಚ್ಚಿನ ಕಾಲವನ್ನು ಕೊಡುವುದು ಉಳಿದ ವಿದ್ಯಾರ್ಥಿಗಳಿಗೆ ಅನ್ಯಾಯವಲ್ಲವೆ ಎಂದು ಯಥಾರ್ಥವಾಗಿಯೇ ಕೇಳುವವರುಂಟು. ಪರೀಕ್ಷೆಯು ಅಳೆಯಬೇಕಾದುದು ವಿಷಯದ ಜ್ಞಾನವನ್ನೋ ಓದುವ ವೇಗವನ್ನೋ ಎಂಬುದನ್ನು ಮೊದಲು ನಿರ್ಧರಿಸಿದರೆ ಈ ಪ್ರಶ್ನೆ ಬಹುಪಾಲು ಬಗೆಹರಿಯುತ್ತದೆ. ಕನ್ನಡಕವನ್ನು ಧರಿಸಿ ಪರೀಕ್ಷೆಗೆ ಕುಳಿತವನನ್ನು ಯಾರೂ ಮೋಸಗಾರನೆನ್ನುವುದಿಲ್ಲ. ವೇಗವೇ ಸಾರವಾಗಿರುವ ಕೆಲವು ಉದ್ಯೋಗಗಳು ಇಲ್ಲದಿಲ್ಲ. ಅಲ್ಲಿ ಈ ವಿದ್ಯಾರ್ಥಿಯು ತಾನೇ ಯೋಚಿಸಿ ದಾರಿಯನ್ನು ಆರಿಸಿಕೊಳ್ಳಬೇಕು. ಇತಿಹಾಸವನ್ನೋ ಸಸ್ಯಶಾಸ್ತ್ರವನ್ನೋ ಬಲ್ಲನೇ ಇಲ್ಲವೇ ಎಂಬುದನ್ನು ತಿಳಿಯಲು ಗಡಿಯಾರವನ್ನು ಅಷ್ಟು ಬಿಗಿಯಾಗಿ ಹಿಡಿಯಬೇಕಾದ ಕಾರಣ ತೋರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆಯು ಹೊರಗಿನವರದಲ್ಲ, ಮನೆಯವರದು. ಮಗಳಿಗೆ ಇಂಥದೊಂದು ಪತ್ರವಿದೆಯೆಂದು ತಿಳಿದರೆ ಸಂಬಂಧ ಕೂಡಿಬರುವುದೇ ಎಂಬ ಭಯ. ಈ ಭಯವನ್ನು ಹಾಸ್ಯಮಾಡುವುದು ಸುಲಭ, ಹೊತ್ತವರಿಗೆ ಅದರ ಭಾರ ಗೊತ್ತು. ಹೆಣ್ಣುಮಕ್ಕಳಾದರೋ ಗದ್ದಲವೆಬ್ಬಿಸದೆ, ಅಕ್ಷರವನ್ನು ದುಂಡಗೆ ನಕಲು ಮಾಡುತ್ತ, ತೊಡಕನ್ನು ಗಂಡುಮಕ್ಕಳಿಗಿಂತ ಹೆಚ್ಚು ಕಾಲ ಮರೆಸಬಲ್ಲರು. ಓದು ನಿಂತಾಗ ಮನೆಯಲ್ಲಿ ಯಾರೂ ಕಾರಣವನ್ನು ಕೇಳುವುದೂ ಇಲ್ಲ, ಮದುವೆಯ ಮಾತು ಮೊದಲಾಗುತ್ತದೆ. ಪತ್ರವು ಕಾಲೇಜಿನ ಕಛೇರಿಗೆ ಸಲ್ಲತಕ್ಕದ್ದೇ ಹೊರತು ಊರಿನ ಜಗಲಿಗಲ್ಲ. ಅದನ್ನು ಗುಟ್ಟಾಗಿಡುವುದು ಕಾಲೇಜಿನವರ ಕರ್ತವ್ಯ, ನಿಲಯದವರದೂ ಹೌದು. ಕೇಳಿಸಿಕೊಂಡವರು ಮತ್ತೊಬ್ಬರಿಗೆ ಹೇಳಲಾರರೆಂಬ ನಂಬಿಕೆ ಹುಟ್ಟದಿದ್ದರೆ, ಎಷ್ಟು ಕಾನೂನುಗಳಿದ್ದರೂ ಯಾವ ವಿದ್ಯಾರ್ಥಿನಿಯೂ ಬಾಯಿ ಬಿಡುವುದಿಲ್ಲ.

ಮಠದ ವಿದ್ಯಾರ್ಥಿನಿಲಯಗಳಿಗೆ ಪ್ರತಿವರ್ಷವೂ ಬೇಸಗೆಯ ಕೊನೆಗೆ ಅರ್ಜಿಗಳು ಬರುತ್ತವೆ. ತಂದೆಯ ಹೆಸರು, ಊರು, ವರಮಾನ, ಹಿಂದಿನ ಪರೀಕ್ಷೆಯ ಅಂಕಗಳು, ಇಷ್ಟನ್ನು ಅದರಲ್ಲಿ ಕೇಳುವುದು ವಾಡಿಕೆ. ಓದುವಾಗಲಾಗಲಿ ಬರೆಯುವಾಗಲಾಗಲಿ ಲೆಕ್ಕ ಮಾಡುವಾಗಲಾಗಲಿ ಬಾಲ್ಯದಿಂದ ಬಂದ ತೊಡಕೇನಾದರೂ ಉಂಟೆ, ಮನೆಯಲ್ಲಿ ಪಾಠವನ್ನು ಯಾರು ಓದಿಹೇಳುತ್ತಿದ್ದರು ಎಂಬ ಎರಡು ಪ್ರಶ್ನೆಗಳನ್ನು ಅದಕ್ಕೆ ಸೇರಿಸಬಹುದು. ಅವುಗಳನ್ನು ಅಚ್ಚುಹಾಕಿಸಿ ಅರ್ಜಿದಾರನ ಕೈಗೆ ಕೊಡುವುದಕ್ಕಿಂತ, ನಿಲಯದ ಮೇಲ್ವಿಚಾರಕರು ತಾಯಿಯನ್ನೂ ಮಗನನ್ನೂ ಒಂದೆಡೆ ಕೂಡಿಸಿಕೊಂಡು ಬಾಯಲ್ಲಿ ಕೇಳಿ, ಉತ್ತರವನ್ನು ತಾವೇ ಬರೆದುಕೊಳ್ಳುವುದು ಯುಕ್ತ. ಮಾನಸಗಂಗೋತ್ರಿಯ ಸಂಸ್ಥೆಗೆ ಕರೆದೊಯ್ಯಬೇಕಾದವರು ಯಾರೆಂಬುದು ಅಂದೇ ತಿಳಿದೀತು, ತರಗತಿಗಳು ಆರಂಭವಾಗಲು ಇನ್ನೂ ಕೆಲವು ವಾರಗಳಿರುವಾಗಲೇ.